ಕುಣಿಯಲಾರದವಳ ಪ್ರಕರಣ: ಒಂದು ಪುನರ್ವಿಚಾರಣೆ

(ಕೋಣೆಯ ನೆಲಕ್ಕೆ ಏನು ಹಾಕಿಸಬೇಕೆಂಬ ವಿಷಯವಾಗಿ ಬರೆದ ಸಂಶೋಧನಾ ಪ್ರಬಂಧ)

ಪೀಠಿಕೆ

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಕನ್ನಡಿಗರು ತಲೆತಲಾಂತರದಿಂದ ಹೇಳಿಕೊಂಡು ನಗುತ್ತ ಬಂದಿದ್ದಾರೆ. ಆಕೆ ಯಾವ ಊರಿನವಳು, ಎಲ್ಲಿ ಕುಣಿದಳು, ಆ ನೆಲಕ್ಕೆ ಹಾಸಿದ್ದು ಚಪ್ಪಡಿಯೋ ಗಾರೆಯೋ, ಕೆಲಸ ಹಿಡಿದ ಮೇಸ್ತ್ರಿ ಯಾರು ಎಂಬ ಒಂದು ವಿವರವೂ ದಾಖಲಾಗಿಲ್ಲ. ಸ್ಥಳ ಮಹಜರು ಆಗಿಲ್ಲ, ಪಂಚರ ಸಹಿ ಇಲ್ಲ. ಯಾರಾದರೂ ಒಂದು ರಸಮಟ್ಟ ತಂದು ಆ ನೆಲದ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತೆಂದು ನೋಡಿದ್ದಕ್ಕೂ ಆಧಾರವಿಲ್ಲ. ಗಾದೆಯ ಕೊನೆಯಲ್ಲಿರುವ ‘ಅಂತೆ’ಯೇ ಹೇಳುತ್ತದೆ, ಇದು ಕೇಳಿದ ಮಾತು, ಕಂಡದ್ದಲ್ಲ ಎಂದು. ಇಂಥ ಬಡಕಲು ಸಾಕ್ಷ್ಯ ಹಿಡಿದು ಒಬ್ಬ ಹೆಣ್ಣುಮಗಳ ಮೇಲೆ ಏಕಪಕ್ಷೀಯ ತೀರ್ಪು ಕೊಟ್ಟು, ಅದನ್ನು ಶಾಲೆಯ ಪಠ್ಯದಲ್ಲೂ ಸೇರಿಸಿದ ಸಮಾಜ ನಮ್ಮದು.

ಪ್ರಸ್ತುತ ಪ್ರಬಂಧಕಾರನು ಈ ಪ್ರಕರಣವನ್ನು ಮತ್ತೆ ತೆರೆಯಲು ಜ್ಞಾನದಾಹ ಕಾರಣವಲ್ಲ. ಮೈಸೂರಿನ ನಮ್ಮ ಮನೆಯ ಹಿತ್ತಿಲ ಕಡೆ 12 ಅಡಿ ಅಗಲ, 14 ಅಡಿ ಉದ್ದದ ಒಂದು ಕೋಣೆಯನ್ನು ಅಮ್ಮನಿಗೆಂದು ಕಟ್ಟಿಸಿದೆವು. ಮಹಡಿ ಮೆಟ್ಟಿಲು ಹತ್ತಲು ಅವಳ ಮಂಡಿ ಒಪ್ಪುತ್ತಿರಲಿಲ್ಲ. ಗೋಡೆ ಎದ್ದಿತು, ತಾರಸಿ ಬಿತ್ತು, ಬಾಗಿಲು ಕೂತಿತು. ಒಂದು ಸಂಜೆ ಮೇಸ್ತ್ರಿ ಕರಣೆ ತೊಳೆಯುತ್ತ, “ನೆಲಕ್ಕೆ ಏನ್ ಹಾಕೋಣ ಸಾರ್?” ಎಂದರು. ಐದಕ್ಷರದ ಉತ್ತರ ಸಾಕಿದ್ದ ಆ ಪ್ರಶ್ನೆಗೆ ನಾನು ಆರು ವಾರ ತೆಗೆದುಕೊಂಡೆ.

ಅಧಿಕಾರಿ, ವಿಷಯ ಇತ್ಯಾದಿ

ಶಾಸ್ತ್ರ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ಈ ಶಾಸ್ತ್ರ ಓದಲು ಅಧಿಕಾರಿ ಯಾರೆಂದರೆ, ಬ್ಯಾಂಕಿನ ಸಾಲದಲ್ಲಿ ಮುಕ್ಕಾಲು ಪಾಲನ್ನು ಗೋಡೆಗೇ ಸುರಿದು, ಉಳಿದ ಕಾಲು ಪಾಲಿನಲ್ಲಿ ನೆಲ, ಬಣ್ಣ, ಗೃಹಪ್ರವೇಶದ ಊಟ ಮೂರನ್ನೂ ಮುಗಿಸಬೇಕಾದವನು. ವಿಷಯ, ಕಾಲ ಕೆಳಗಿನದು. ಪ್ರಯೋಜನ, ಬೀಳದಿರುವುದು. ಸಂಬಂಧ? ನೆಲದ ವಿಷಯದಲ್ಲಿ ಎಲ್ಲ ಸಂಬಂಧಿಕರಿಗೂ ಅಭಿಪ್ರಾಯವಿರುತ್ತದೆ, ಅದೇ ಸಂಬಂಧ.

ನೆಲಗಳನ್ನು ಹಿಂದಿನವರು ಮಣ್ಣು, ಕಲ್ಲು, ಗಾರೆ ಎಂದು ವಸ್ತುವಿನ ಮೇಲೆ ವಿಂಗಡಿಸಿದ್ದು ಸ್ಥೂಲವಾಯಿತು. ಕೂರುವ ನೆಲ, ನಡೆಯುವ ನೆಲ, ತೋರಿಸುವ ನೆಲ ಎಂದು ಮೂರು ಬಗೆ ಮಾಡುವುದೇ ಸರಿ. ನಮ್ಮ ಅಜ್ಜಿಯ ಮನೆಯದು ಕೂರುವ ನೆಲ. ಊಟ ಅದರ ಮೇಲೆ, ಬೇಸಿಗೆಯ ಮಧ್ಯಾಹ್ನದ ನಿದ್ದೆ ಅದರ ಮೇಲೆ, ಚೌಕಾಬಾರ ಅದರ ಮೇಲೆ, ಹಪ್ಪಳ ಲಟ್ಟಿಸುವುದೂ ಅದರ ಮೇಲೆ. ಡೈನಿಂಗ್ ಟೇಬಲ್ ಬಂದ ದಿನ ಮನುಷ್ಯನ ಬೆನ್ನಿಗೂ ನೆಲಕ್ಕೂ ಇದ್ದ ಸಂಬಂಧ ಕಡಿದುಹೋಗಿ, ನೆಲ ಬರೀ ಪಾದದ ಪಾಲಿಗೆ ಬಂತು. ಸೋಫಾ ಬಂದ ಮೇಲೆ ಅದೂ ಹೋಯಿತು. ಈಗ ನೆಲವಿರುವುದು ಅತಿಥಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತ “ಎಷ್ಟ್ ಚೆನ್ನಾಗಿದೆ ರೀ, ಅಡಿಗೆ ಎಷ್ಟಾಯ್ತು?” ಎಂದು ಕೇಳಲಿಕ್ಕೆ.

ಪೂರ್ವಸೂರಿಗಳು

ತೋರಿಸುವ ನೆಲದಿಂದ ಆದ ಅನಾಹುತಕ್ಕೆ ನಮ್ಮಲ್ಲಿ ಸಿಗುವ ಮೊದಲ ಸವಿವರ ದಾಖಲೆ ಮಹಾಭಾರತದ ಸಭಾಪರ್ವ. ಗುತ್ತಿಗೆದಾರ ಮಯ. ಮಾಲೀಕ ಧರ್ಮರಾಯ. ವಸ್ತು, ಸ್ಫಟಿಕ. ಪಾಲಿಶ್ ಎಷ್ಟು ಏರಿತ್ತೆಂದರೆ ದುರ್ಯೋಧನ ಒಣ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಂಡ, ಮುಂದೆ ನಿಜವಾದ ಕೊಳವನ್ನು ನೆಲವೆಂದುಕೊಂಡು ಅದರೊಳಗೆ ಬಿದ್ದ. ಭೀಮ ನಕ್ಕ, ಆಳುಕಾಳು ನಕ್ಕರು. ದ್ರೌಪದಿಯೂ ನಕ್ಕಳೆಂದು ದುರ್ಯೋಧನನೇ ಆಮೇಲೆ ಅಪ್ಪನ ಹತ್ತಿರ ದೂರಿಕೊಂಡ. ಮುಂದಿನದು ಗೊತ್ತೇ ಇದೆ: ಜೂಜು, ವನವಾಸ, ಹದಿನೆಂಟು ಅಕ್ಷೋಹಿಣಿ ಸೇನೆ. ಯುದ್ಧಕ್ಕೆ ಕಾರಣ ಭೂಮಿಯ ಪಾಲು ಎಂದು ವಿದ್ವಾಂಸರು ಹೇಳುತ್ತಾರೆ. ನನ್ನ ನಮ್ರ ಅಭಿಪ್ರಾಯದಲ್ಲಿ ಕಾರಣ ಭೂಮಿಯೇ ಹೌದು, ಆದರೆ ಅದರ ಮೇಲಿನ ಒಂದಂಗುಲ ಮಾತ್ರ. ಮಯ ಅಂದು ಮ್ಯಾಟ್ ಫಿನಿಶ್ ಹಾಕಿದ್ದರೆ ಗೀತೆ ನಮಗೆ ಸಿಗುತ್ತಿರಲಿಲ್ಲ.

ಇನ್ನು ನಮ್ಮ ಸೀಮೆಯ ನೆಲಗಳು. ಸಗಣಿ ಸಾರಿಸಿದ ಮಣ್ಣಿನ ನೆಲವನ್ನು ಇವತ್ತಿನವರು ಬಡತನದ ಲೆಕ್ಕಕ್ಕೆ ಬರೆಯುತ್ತಾರೆ. ಕರಾವಳಿ, ಮಲೆನಾಡಿನಲ್ಲಿ ತೆಂಗಿನ ಗೆರಟೆ ಸುಟ್ಟ ಮಸಿ ಬೆರೆಸಿ, ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಿಂಚಿಸುತ್ತಿದ್ದ ಕರಿ ನೆಲ ನೋಡಿದವರು ಹಾಗೆನ್ನಲಾರರು. ಗೀರು ಬಿದ್ದರೆ ಮುಂದಿನ ಹಬ್ಬಕ್ಕೆ ಮತ್ತೆ ಸಾರಿಸಿದರಾಯಿತು. ಹಾಗೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುವ ನೆಲ ಆಮೇಲೆ ಯಾವ ಕಾರ್ಖಾನೆಯಿಂದಲೂ ಬಂದಿಲ್ಲ. ಕಲಬುರಗಿ ಕಡೆ ಶಹಾಬಾದ್ ಫರಸಿ. ಸುಣ್ಣಕಲ್ಲು ಪದರಪದರವಾಗಿ ಏಳುವುದರಿಂದ ಚಪ್ಪಡಿ ಮಾಡುವ ಅರ್ಧ ಕೆಲಸ ಪ್ರಕೃತಿಯೇ ಮಾಡಿಟ್ಟಿದೆ. ಆಂಧ್ರದಿಂದ ಬಂದ ಕಡಪ ಕಲ್ಲು ಅಡುಗೆಮನೆಯ ಕಟ್ಟೆ ಹಿಡಿಯಿತು. ಕರಾವಳಿಯಲ್ಲಿ 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನೇತ್ರಾವತಿಯ ಜೇಡಿಮಣ್ಣು ತಲೆಯ ಮೇಲೂ ಬಂತು, ಕಾಲ ಕೆಳಗೂ ಬಂತು. ಇಳಕಲ್ ಊರಂತೂ ಸೀರೆಗೂ ಗ್ರಾನೈಟಿಗೂ ಒಟ್ಟಿಗೇ ಹೆಸರಾಗಿದೆ. ಒಂದೇ ಊರಿನಿಂದ ಸೆರಗನ್ನೂ ನೆಲವನ್ನೂ ತರಬಹುದಾದ ಅನುಕೂಲ ಬೇರೆ ನಾಡಿನವರಿಗೆ ಇದೆಯೋ ಇಲ್ಲವೋ.

ಇವೆಲ್ಲದರ ನಡುವೆ ಅಮ್ಮನ ಒಂದು ಬೇಡಿಕೆ ಇತ್ತು. “ನಮ್ಮ ಹಳೇ ಮನೇಲಿತ್ತಲ್ಲ, ಕೆಂಪು ಗಾರೆ ನೆಲ, ಅದನ್ನೇ ಹಾಕಿಸು ಕಣೋ. ಕಾಲಿಗೆ ತಂಪು.”

ಈ ‘ತಂಪು’ ಎಂಬ ಪದದ ಮೇಲೆ ನಾನು ಎರಡು ದಿನ ಕೆಲಸ ಮಾಡಿದೆ. ಒಂದೇ ಕೋಣೆಯಲ್ಲಿರುವ ಮರದ ಮಣೆ, ಗಾರೆ ನೆಲ ಎರಡರ ಉಷ್ಣಾಂಶವೂ ಒಂದೇ. ಗಾರೆ, ಕಲ್ಲು, ಹೆಂಚು ಪಾದದ ಶಾಖವನ್ನು ಬೇಗ ಎಳೆದುಕೊಳ್ಳುತ್ತವೆ, ಮರ ಎಳೆದುಕೊಳ್ಳುವುದಿಲ್ಲ. ನಮಗೆ ತಂಪೆಂದು ತೋರುವುದು ನೆಲದ ಗುಣವಲ್ಲ, ನಮ್ಮ ಶಾಖ ಕಳೆದುಹೋಗುವ ವೇಗ. ಇದನ್ನು ಅಮ್ಮನಿಗೆ ವಿವರಿಸಿದೆ. “ಅದೇ ನಾನೂ ಹೇಳಿದ್ದು, ತಂಪು ಅಂತ” ಎಂದಳು.

ಕೆಂಪು ಗಾರೆಯ ಕೆಂಪು ಎಂದರೆ ಕಬ್ಬಿಣದ ಆಕ್ಸೈಡು. ಮನೆಮಾತಿನಲ್ಲಿ ಹೇಳುವುದಾದರೆ ತುಕ್ಕು. ಗೇಟಿಗೆ ಹಿಡಿದರೆ ಬೈದು ಉಜ್ಜುತ್ತೇವೆ, ನೆಲಕ್ಕಾದರೆ ದುಡ್ಡು ಕೊಟ್ಟು ತರುತ್ತೇವೆ. ಸಿಮೆಂಟಿನೊಡನೆ ಬೆರೆಸಿ, ಹಸಿಯಾಗಿರುವಾಗಲೇ ಕರಣೆಯಲ್ಲಿ ಒತ್ತಿ ಒತ್ತಿ ಎಳೆದು, ಕೋಣೆಯನ್ನು ಒಂದೇ ಪಟ್ಟಿಗೆ ಮುಗಿಸಬೇಕು. ನಡುವೆ ಕಾಫಿಗೆ ಎದ್ದರೆ ಆ ಕಾಫಿಯ ಗೆರೆ ಮೂವತ್ತು ವರ್ಷ ಕಾಣುತ್ತದೆ. ಆಮೇಲೆ ವಾರಗಟ್ಟಲೆ ನೀರು ಕಟ್ಟಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯೋ ಮೇಣವೋ ಹಚ್ಚಿ ತಿಕ್ಕಬೇಕು. ಮೊದಲ ಕೆಲವು ತಿಂಗಳು ಬಿಳಿ ಪಂಚೆ, ಮಗುವಿನ ಮಂಡಿ ಎಲ್ಲ ಕೆಂಪು. ಅನಂತರ ವರ್ಷ ಕಳೆದಂತೆ ಹೊಳಪು ಇಳಿಯುವ ಬದಲು ಏರುತ್ತದೆ, ಅದಕ್ಕೆ ಪಾಲಿಶ್ ಮಾಡುವುದು ಮನೆಯವರ ಪಾದ.

ಮೇಸ್ತ್ರಿಯನ್ನು ಕೇಳಿದೆ. ಅವರು ಆಕಾಶ ನೋಡಿದರು. “ನಮ್ಮಪ್ಪ ಮಾಡೋರು ಸಾರ್. ಈಗ ಆ ಕೈ ಯಾರಿಗೂ ಇಲ್ಲ. ಬಿರುಕು ಬಿಟ್ರೆ ನನ್ನನ್ನ ಬೈಬೇಡಿ.” ಒಂದು ವಿದ್ಯೆ ಹೇಗೆ ಸಾಯುತ್ತದೆ ಎಂಬುದಕ್ಕೆ ಇಷ್ಟು ಚಿಕ್ಕ ಚರಿತ್ರೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಪ್ರಮಾಣ ವಿಚಾರ

ಸರಿ, ಟೈಲ್ಸ್. ನಮ್ಮ ದೇಶದ ಟೈಲ್ಸಿನಲ್ಲಿ ಬಹುಪಾಲು ಗುಜರಾತಿನ ಮೋರ್ಬಿ ಎಂಬ ಒಂದೇ ಸೀಮೆಯಿಂದ ಬರುತ್ತದೆ. ಅಂಗಡಿಯಲ್ಲಿ ಅವಕ್ಕೆ ಇಟಲಿಯ ಹೆಸರುಗಳು. ಹೆಂಡತಿಯನ್ನೂ ನೋಟ್‌ಬುಕ್ಕನ್ನೂ ಕರೆದುಕೊಂಡು ಹೊಕ್ಕೆ. ಡಬಲ್ ಚಾರ್ಜ್, ಫುಲ್ ಬಾಡಿ, ಜಿ.ವಿ.ಟಿ., ಪಿ.ಜಿ.ವಿ.ಟಿ., ಹೈ ಗ್ಲಾಸಿ, ಸಾಟಿನ್ ಮ್ಯಾಟ್, ರಸ್ಟಿಕ್ ಎಂದು ಮಾರುವ ಹುಡುಗ ಉಸಿರು ತೆಗೆದುಕೊಳ್ಳದೆ ಪಠಿಸಿದ. ನಮ್ಮ ವೇದಪಾಠಶಾಲೆಗಳಿಗೆ ಇಂಥ ಕಂಠ ಸಿಗುತ್ತಿಲ್ಲ.

ಅಲ್ಲಿ ಗಾರೆಯಂತೆ, ಮರದಂತೆ, ಮಾರ್ಬಲ್ಲಿನಂತೆ, ಕೊನೆಗೆ ಬರೀ ಸಿಮೆಂಟಿನಂತೆಯೂ ಅಚ್ಚು ಹಾಕಿದ ಬಿಲ್ಲೆಗಳಿದ್ದವು. ಹಗ್ಗದಲ್ಲಿ ಹಾವು ಕಾಣುವ ದೃಷ್ಟಾಂತವನ್ನು ವೇದಾಂತಿಗಳು ಶತಮಾನಗಳಿಂದ ಎಳೆದಾಡುತ್ತಿದ್ದಾರೆ. ಮೋರ್ಬಿಯ ಮಣ್ಣಿನಲ್ಲಿ ಇಟಲಿ ಕಾಣುವುದು ಅದಕ್ಕಿಂತ ಹೊಸ ದೃಷ್ಟಾಂತ, ದೀಪ ತಂದರೂ ಈ ಭ್ರಮೆ ಹೋಗುವುದಿಲ್ಲ, ಅಂಗಡಿಯ ದೀಪಕ್ಕೆ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ನೆಲದ ವಿಷಯದಲ್ಲಿ ಪ್ರತ್ಯಕ್ಷ ಪ್ರಮಾಣ ಬಿದ್ದುಹೋಯಿತು. ಅಂಗಡಿಯಲ್ಲಿ ಕಂಡ ಕೆನೆ ಬಣ್ಣ ಮನೆಗೆ ಬಂದು ಹಿಟ್ಟಿನ ಬಣ್ಣವಾಗುತ್ತದೆ. ಒಂದು ಬಿಲ್ಲೆ ಕೇಳಿ ತಂದು ಆ ಕೋಣೆಯಲ್ಲೇ ಬೆಳಗ್ಗೆ, ಸಂಜೆ ಇಟ್ಟು ನೋಡದವನಿಗೆ ಬೇರೆ ಗತಿಯಿಲ್ಲ.

ಉಪಮಾನ ಪ್ರಮಾಣ: “ಪಕ್ಕದ ಮನೆಯವರು ಹಾಕ್ಸಿದಾರಲ್ಲ, ಆ ಥರದ್ದು ರೀ.” ಅನುಮಾನ ಪ್ರಮಾಣ ಕನ್ನಡಿಗರಿಗೆ ವಿಶೇಷವಾಗಿ ಒದಗಿಬಂದದ್ದು, ನಮ್ಮಲ್ಲಿ ಆ ಪದಕ್ಕೆ ಸಂಶಯವೆಂದೇ ಅರ್ಥ: “ಮೂವತ್ತು ಪರ್ಸೆಂಟ್ ಡಿಸ್ಕೌಂಟ್ ಅಂದ್ರೆ ಏನೋ ಐಬಿದೆ ರೀ.” ಉಳಿದದ್ದು ಶಬ್ದ ಪ್ರಮಾಣ. ಮೀಮಾಂಸಕರು ಇದಕ್ಕೆ ವೇದವಾಕ್ಯವೆಂದು ಅರ್ಥ ಹೇಳಿದರು. ನೆಲಶಾಸ್ತ್ರದಲ್ಲಿ ಇದು ಹಾಸಿದ ಬಿಲ್ಲೆಯನ್ನು ಗೆಣ್ಣಿನಿಂದ ತಟ್ಟಿ ಕೇಳುವ ಸದ್ದು. ಗಟ್ಟಿ ಸದ್ದು ಬಂದರೆ ಕೆಳಗೆ ಕಲಸಿದ್ದು ತುಂಬಿದೆ, ಡಬಡಬ ಎಂದರೆ ಟೊಳ್ಳು. ವಿಟ್ರಿಫೈಡ್ ಬಿಲ್ಲೆ ತನ್ನ ತೂಕದ 0.5%ಗಿಂತ ಹೆಚ್ಚು ನೀರು ಕುಡಿಯುವುದಿಲ್ಲವೆಂಬುದು ಅದರ ಹೆಚ್ಚುಗಾರಿಕೆ. ಅದೇ ಕಾರಣಕ್ಕೆ ಬರೀ ಸಿಮೆಂಟು ಹಾಲನ್ನೂ ಅದು ಹೀರುವುದಿಲ್ಲ, ಅಂಟುವುದಿಲ್ಲ, ಬೇರೆ ಅಂಟೇ ಬೇಕು. ಸಂದು ಬಿಡದೆ ಒತ್ತಾಗಿ ಹಾಸಿದರೆ ಬಿಸಿಲಿಗೆ ಹಿಗ್ಗಿ ಒಂದು ಮಧ್ಯಾಹ್ನ ಪಟಾರನೆ ಗುಡಾರದಂತೆ ಮೇಲೇಳುತ್ತದೆ. ಕುಡಿಯದವರ ಜೊತೆ ಬಾಳುವುದೂ ಸುಲಭವಲ್ಲ.

ಪೂರ್ವಪಕ್ಷ

ಇಲ್ಲಿ ನನ್ನ ಭಾವಮೈದುನರು ಪೂರ್ವಪಕ್ಷಿಯಾಗಿ ಬರುತ್ತಾರೆ. ಅವರ ವಾದ: “ಹಾಕಿದ್ರೆ ಇಟಾಲಿಯನ್ ಮಾರ್ಬಲ್ ಹಾಕ್ಸಿ ಭಾವ, ಇಲ್ಲದಿದ್ರೆ ಬಿಡಿ.” ಇಟಲಿಯ ಕರಾರಾದ ಮಾರ್ಬಲ್ಲಿನಿಂದ ಮೈಕೆಲೇಂಜೆಲೋ ದಾವೀದನನ್ನು ಕಡೆದದ್ದೂ, ನಮ್ಮ ರಾಜಸ್ಥಾನದ ಮಕ್ರಾನಾ ಕಲ್ಲಿನಿಂದ ತಾಜಮಹಲು ಎದ್ದದ್ದೂ ನಿಜ. ಆದರೆ ದಾವೀದನ ಮೇಲೆ ಯಾರೂ ಸಾರು ಚೆಲ್ಲಿಲ್ಲ. ತಾಜಮಹಲಿನಲ್ಲಿ ಒಗ್ಗರಣೆ ಹಾಕುವವರಿಲ್ಲ. ಮಾರ್ಬಲ್ ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು, ಹುಣಸೆಹಣ್ಣಿನಲ್ಲಿರುವುದು ಟಾರ್ಟಾರಿಕ್ ಆಮ್ಲ. ಇವೆರಡೂ ಭೇಟಿಯಾದಲ್ಲಿ ಕಲ್ಲು ಕರಗಿ ಮಂಕು ಮಚ್ಚೆ ಬೀಳುತ್ತದೆ. ಅದು ಕಲೆಯಲ್ಲ, ಗಾಯ, ಒರೆಸಿದರೆ ಹೋಗುವುದಿಲ್ಲ. ನಿಂಬೆಹಣ್ಣು, ಮಜ್ಜಿಗೆಯ ಕಥೆಯೂ ಅದೇ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಮಾರ್ಬಲ್ಲಿನ ಸ್ಥಾನ ಸುಮಾರು 3, ಮರಳಿನಲ್ಲಿರುವ ಕ್ವಾರ್ಟ್ಜ್ 7. ಎಂದರೆ ಚಪ್ಪಲಿಗಂಟಿ ಬರುವ ಒಂದು ಮರಳಿನ ಕಾಳು ಆ ರಾಜಗಾಂಭೀರ್ಯವನ್ನು ಗೀರಬಲ್ಲದು. ಗ್ರಾನೈಟು 6ರ ಆಚೆಗಿದ್ದು ಬಡಪೆಟ್ಟಿಗೆ ಜಗ್ಗುವುದಿಲ್ಲ, ಆದರೆ ಅದನ್ನು ಕಂಡರೆ ಭಾವಮೈದುನರಿಗೆ ಬ್ಯಾಂಕಿನ ನೆನಪಾಗುತ್ತದಂತೆ.

ಮತ್ತೊಂದು ಸೂಕ್ಷ್ಮ. ಬೇರೆ ದೇಶಗಳ ಕಲ್ಲಿಗೂ ನಮ್ಮ ಅಂಗಡಿಗಳಲ್ಲಿ ‘ಇಟಾಲಿಯನ್’ ಎಂದೇ ಹೆಸರು. ಅದನ್ನು ದೇಶನಾಮವೆಂದು ತಿಳಿಯದೆ ಗೋತ್ರನಾಮವೆಂದು ತಿಳಿಯಬೇಕು.

ಮರದ ನೆಲವನ್ನು ಗೆದ್ದಲಿಗೆ ಬಿಟ್ಟಿದ್ದೇನೆ.

ಜಾರುವಿಕೆ

ಬಿದ್ದರೆ ಅಮ್ಮನ ಸೊಂಟದ ಮೂಳೆ, ಆದ್ದರಿಂದ ಈ ಭಾಗದಲ್ಲಿ ಪ್ರಬಂಧಕಾರನು ತಮಾಷೆ ಮಾಡಬಾರದೆಂದುಕೊಂಡಿದ್ದನು. ಆದರೆ ಜರ್ಮನಿಯವರು ಬಿಡಲಿಲ್ಲ. ನೆಲ ಎಷ್ಟು ಜಾರುತ್ತದೆಂದು ಅಳೆಯಲು ಅವರು ಮಾಡಿದ ಕ್ರಮ ಹೀಗಿದೆ: ಬಿಲ್ಲೆಗಳನ್ನು ಒಂದು ಹಲಗೆಗೆ ಕೂರಿಸಿ, ಮೇಲೆ ಎಂಜಿನ್ ಎಣ್ಣೆ ಸುರಿದು, ಬೂಟು ತೊಟ್ಟ ಒಬ್ಬ ಮನುಷ್ಯನನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಸುತ್ತಾರೆ. ಹಲಗೆಯನ್ನು ಸ್ವಲ್ಪಸ್ವಲ್ಪವೇ ವಾಲಿಸುತ್ತ ಹೋಗುತ್ತಾರೆ. ಅವನು ಜಾರಿದ ಕೋನವೇ ಫಲಿತಾಂಶ. 6ರಿಂದ 10 ಡಿಗ್ರಿಗೆ ಜಾರಿದರೆ ಆರ್ 9, 10ರಿಂದ 19ಕ್ಕೆ ಆರ್ 10, 35 ಡಿಗ್ರಿ ದಾಟಿಯೂ ನಿಂತರೆ ಆರ್ 13. ನಮ್ಮಲ್ಲಿ ಜಾರುಗಂಬ ಹತ್ತಿಸಿ ಮೇಲೆ ಕಟ್ಟಿದ ಬಾಳೆಗೊನೆ ಕೊಡುವುದನ್ನು ಅವರು ಪ್ರಯೋಗಶಾಲೆಗೆ ತಂದು ಪ್ರಮಾಣಪತ್ರ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಸೋಪಿನ ನೀರು ಹಾಕಿ ನಡೆಸುತ್ತಾರೆ, ಎ, ಬಿ, ಸಿ ಎಂದು ದರ್ಜೆ. ಆದರೆ ದೀಪಾವಳಿಯಲ್ಲಿ ಹರಳೆಣ್ಣೆ ಮೆತ್ತಿದ ಪಾದದಲ್ಲಿ ಬಚ್ಚಲಿಗೆ ಹೋಗುವ ಮುದುಕಿಗೆ ಯಾವ ದರ್ಜೆ ಎಂಬುದನ್ನು ಜರ್ಮನರು ಯೋಚಿಸಿಲ್ಲ. ಅಲ್ಲಿ ಎಣ್ಣೆ ನೆಲದ ಮೇಲಿರುತ್ತದೆ, ಇಲ್ಲಿ ಕಾಲಿನಲ್ಲೇ ಬರುತ್ತದೆ.

ನಮ್ಮ ಅಂಗಡಿಯ ಹುಡುಗನಿಗೆ “ಇದು ಆರ್ ಎಷ್ಟು?” ಎಂದು ಕೇಳಿದೆ. “ಆರ್ ಅಲ್ಲ ಸಾರ್, ಅರವತ್ತೆಂಟು” ಎಂದು ಬೆಲೆ ಹೇಳಿದ.

ಹೊಳೆಯುವ ಬಿಲ್ಲೆ ನನ್ನ ಹೆಂಡತಿಗೆ ಬೇಕಿತ್ತು, ದೊರಗು ಬಿಲ್ಲೆ ನನಗೆ. ಚರ್ಚೆ ಮೂರು ದಿನ ನಡೆಯಿತು. ನಾಲ್ಕನೆಯ ದಿನ ನಮ್ಮ ಮನೆಗೆಲಸದಾಕೆ ಎರಡೂ ಸ್ಯಾಂಪಲ್ಲನ್ನು ಕೈಯಲ್ಲಿ ಸವರಿ, “ಒರ್ಸೋರು ಯಾರಕ್ಕ?” ಎಂದು ಕೇಳಿದಳು. ಹೊಳೆಯುವುದರ ಮೇಲೆ ಒದ್ದೆ ಬಟ್ಟೆಯ ಪ್ರತಿಯೊಂದು ಗೆರೆಯೂ ಕಾಣುತ್ತದೆ, ತೀರಾ ದೊರಗಾದದ್ದರಲ್ಲಿ ಕೊಳೆ ಕೂತು ಏಳುವುದಿಲ್ಲ, ನಡುವಿನದು ತನ್ನಿ ಎಂದಳು. ಆರು ವಾರ ನಾನು ಓದಿದ್ದರಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಮೋಹ್ಸ್‌ಗೆ ಇದು ಹೊಳೆದಿರಲಿಲ್ಲ, ಮಯನಿಗಂತೂ ಇಲ್ಲವೇ ಇಲ್ಲ. ಸ್ಫಟಿಕದ ಆ ನೆಲವನ್ನು ದಿನಾ ಒರೆಸುತ್ತಿದ್ದವರನ್ನು ಒಂದು ಮಾತು ಕೇಳಿದ್ದರೆ, ಎಲ್ಲಿ ನೀರಿದೆ ಎಲ್ಲಿ ಇಲ್ಲವೆಂದು ದುರ್ಯೋಧನನಿಗೆ ಅವರೇ ಹೇಳುತ್ತಿದ್ದರು.

ಸಾಟಿನ್ ಮ್ಯಾಟ್ ತಂದೆವು. ಕೆಂಪು ಗಾರೆಯನ್ನೇ ಅಚ್ಚುಹಾಕಿದಂಥದ್ದು. ಅಮ್ಮ ಕಾಲಿಟ್ಟು ನೋಡಿ “ಬಣ್ಣ ಅದೇ” ಎಂದಳು, ಮಿಕ್ಕದ್ದು ಹೇಳಲಿಲ್ಲ.

ಪ್ರಯೋಗ

ಎರಡಡಿ ಚೌಕದ ಬಿಲ್ಲೆ, 12ಕ್ಕೆ ಆರು, 14ಕ್ಕೆ ಏಳು, ಒಟ್ಟು ನಲವತ್ತೆರಡು. ಈ ಲೆಕ್ಕ ಮೂರನೇ ಕ್ಲಾಸಿನದು. ಆದರೆ ಎರಡಡಿ ಎಂದು ಮಾರುವ ಬಿಲ್ಲೆ ನಿಜದಲ್ಲಿ 60 ಸೆಂಟಿಮೀಟರು. ಹನ್ನೆರಡಡಿಯೆಂದರೆ 365.8 ಸೆಂಟಿಮೀಟರು. ಆರು ಬಿಲ್ಲೆ ಹಾಕಿದ ಮೇಲೂ ಗೋಡೆಯ ಬದಿಗೆ ಎರಡಂಗುಲ ಚಿಲ್ಲರೆ ನೆಲ ಬೆತ್ತಲೆ ಉಳಿಯಿತು. ಬ್ರಿಟಿಷರ ಅಡಿಗೂ ಫ್ರೆಂಚರ ಮೀಟರಿಗೂ ಇರುವ ವೈಷಮ್ಯ ಮೈಸೂರಿನ ನಮ್ಮ ಹಿತ್ತಿಲ ಕೋಣೆಯ ಗೋಡೆಬುಡದಲ್ಲಿ ಹೀಗೆ ತೀರ್ಮಾನವಾಗದೆ ಉಳಿದಿದೆ. ಮೇಸ್ತ್ರಿ ಪಟ್ಟಿ ಕತ್ತರಿಸಿ ತುಂಬಿದರು. ಒಡೆದದ್ದಕ್ಕೆ, ಕತ್ತರಿಸಿದ್ದಕ್ಕೆ, ಮುಂದೆ ಬೇಕಾಗುವುದಕ್ಕೆ ಎಂದು ಹತ್ತರಲ್ಲಿ ಒಂದು ಪಾಲು ಹೆಚ್ಚು ತರಬೇಕು, ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಶೇಡ್ ನಂಬರಿದೆಯೇ ನೋಡಬೇಕು. ಇವಿಷ್ಟೇ ಈ ಪ್ರಬಂಧದಲ್ಲಿ ಓದುಗರು ಬರೆದಿಟ್ಟುಕೊಳ್ಳಬೇಕಾದ ಸಂಗತಿ.

ಗೃಹಪ್ರವೇಶವಾಗಿ ಮೂರನೆಯ ದಿನ ಅಮ್ಮ ಕೋಣೆಯಲ್ಲಿ ಗೋಡೆ ಹಿಡಿದು ನಡೆಯುತ್ತ, “ನೆಲ ಡೊಂಕು ಕಣೋ” ಎಂದಳು.

ಭಾವಮೈದುನರು ಅಲ್ಲೇ ಇದ್ದರು. ಗಾದೆ ಅವರ ಬಾಯಿಗೆ ಬಂತು. ಅಮ್ಮನ ಮಂಡಿಯನ್ನು ನೋಡಿ ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ನಾನೂ ನಕ್ಕೆನೆಂಬುದನ್ನು ಸಂಶೋಧನೆಯ ಪ್ರಾಮಾಣಿಕತೆಗಾಗಿ ಇಲ್ಲಿ ದಾಖಲಿಸಬೇಕು.

ಆ ಸಂಜೆ ಅವಳ ಜಪಮಾಲೆ ಹರಿಯಿತು. ಕೋಣೆಯ ಎಲ್ಲ ಕಡೆಗೂ ಚೆಲ್ಲಿದ ಮಣಿಗಳು ಒಂದೊಂದಾಗಿ, ಅವಸರವಿಲ್ಲದೆ, ಕಿಟಕಿ ಕೆಳಗಿನ ಮೂಲೆಗೆ ಹೋಗಿ ಸೇರಿದವು. ಆರಿಸುವುದಕ್ಕೆ ಬಹಳ ಅನುಕೂಲವಾಯಿತು. ಮಾರನೆಯ ಬೆಳಗ್ಗೆ ಮೇಸ್ತ್ರಿಯನ್ನು ಕರೆಸಿದೆ. ಅವರು ಮೂಲೆಯನ್ನೂ ನನ್ನನ್ನೂ ನೋಡಿ, “ಡೊಂಕಲ್ಲ ಸಾರ್ ಅದು, ವಾಟ” ಎಂದರು. ನೀರು ಹರಿಯಲೆಂದು ಬೇಕಂತಲೇ ಕೊಡುವ ಇಳಿಜಾರಿಗೆ ವಾಟವೆನ್ನುತ್ತಾರೆ. ಬಚ್ಚಲಿಗೆ ಕೊಡುವಂಥದ್ದು. ನಮ್ಮ ಬಚ್ಚಲಲ್ಲಿ ನೀರು ಜಾಲರಿಯ ಕಡೆಗೆ ಹೋಗದೆ ಬಾಗಿಲ ಹತ್ತಿರ ನಿಲ್ಲುತ್ತಿರುವುದೇಕೆಂದು ಆಗ ನನಗೆ ಅರ್ಥವಾಯಿತು. “ಮಲಗೋ ಕೋಣೆಗೆ ವಾಟ ಯಾಕಪ್ಪಾ?” ಎಂದೆ. “ಮುಂದೆ ತೊಳೆಯೋಕೆ ಅನುಕೂಲ ಆಗತ್ತೆ ಸಾರ್” ಎಂದರು.

ರಸಮಟ್ಟ ತರಿಸಿ, ಅಮ್ಮ ಮತ್ತು ಕೆಲಸದಾಕೆಯನ್ನು ಪಂಚರಾಗಿ ನಿಲ್ಲಿಸಿಕೊಂಡು ಅಳತೆ ಮಾಡಿದೆ. ಹದಿನಾಲ್ಕು ಅಡಿ ಉದ್ದಕ್ಕೆ ಮುಕ್ಕಾಲು ಅಂಗುಲ ಇಳಿತ. ನೆಲ ಡೊಂಕೇ ಇತ್ತು.